ಮೀನಿನ ತಲೆಯ ದಿಕ್ಕು

ಕನ್ನಡಿಯಲ್ಲಿ ದೀಪ ಕಂಡಾಗ ಹಿಂತಿರುಗಿ ನೋಡುವುದನ್ನು ಉಮಾಶಂಕರ್ ಬಿಟ್ಟು ಒಂದೂವರೆ ವರ್ಷವಾಗಿತ್ತು.

ಮೊದಮೊದಲು ನೋಡುತ್ತಿದ್ದರು. ಬೈಕನ್ನು ರಸ್ತೆಯ ಬದಿಗಿಳಿಸಿ, ಹೆಲ್ಮೆಟ್ ತೆಗೆದು, ಬಂದ ದಾರಿಯನ್ನು ಕಣ್ಣು ಸೋಲುವವರೆಗೆ ದಿಟ್ಟಿಸುತ್ತಿದ್ದರು. ಬರುತ್ತಿದ್ದುದು ಹಾಲಿನ ಟೆಂಪೊ, ಇಲ್ಲವೆ ಜೋಳದ ಕಡ್ಡಿ ಹೇರಿಕೊಂಡ ಟ್ರ್ಯಾಕ್ಟರು, ಇಲ್ಲವೆ ಏನೂ ಇಲ್ಲ. ಏನೂ ಇಲ್ಲದ ರಸ್ತೆ ಬಿಸಿಲಿನಲ್ಲಿ ತನ್ನಷ್ಟಕ್ಕೆ ನಡುಗುತ್ತಿತ್ತು. ಮತ್ತೆ ಹೊರಟು ಅರ್ಧ ಮೈಲಿ ಹೋಗುವಷ್ಟರಲ್ಲಿ ಬಲಗನ್ನಡಿಯ ಕೆಳಮೂಲೆಯಲ್ಲಿ ಅದೇ ದೀಪ: ಒಂಟಿ, ತುಸು ಹಳದಿ, ಎಡಕ್ಕೆ ಕೂದಲೆಳೆಯಷ್ಟು ವಾಲಿದ್ದು.

ಆ ವಾಲುವಿಕೆ ಅವರಿಗೆ ಗೊತ್ತು. ಸಾತಾರಾದ ಘಾಟಿಯಲ್ಲಿ ಜೊತೆ ಸವಾರ ಭೀಮರಾಜನ ಗಾಡಿ ನಿಂತಲ್ಲೇ ಬಿದ್ದು ಹೆಡ್‌ಲೈಟಿನ ಬಳೆ ಸೊಟ್ಟಗಾಗಿತ್ತು. ಅವನು ಅದನ್ನು ಕೊನೆಯವರೆಗೂ ಸರಿಪಡಿಸಿರಲಿಲ್ಲ. ‘ಇರ್ಲಿ ಬಿಡಿ, ಸಾವಿರ ದೀಪದ ಮಧ್ಯೆ ನನ್ನ ಗುರುತು ಸಿಕ್ತದೆ’ ಎಂದಿದ್ದ. ಹಗಲಿನಲ್ಲೂ ದೀಪ ಉರಿಸಿಯೇ ಓಡಿಸುವುದು ಅವನ ಪದ್ಧತಿ. ದೀಪ ನಮಗೆ ದಾರಿ ಕಾಣಲೆಂದಲ್ಲ, ದಾರಿಗೆ ನಾವು ಕಾಣಲೆಂದು, ಎನ್ನುತ್ತಿದ್ದ. ಅವನು ಸತ್ತು ಎರಡು ವರ್ಷವಾದರೂ ದಾರಿಗೆ ಇನ್ನೂ ಕಾಣುತ್ತಲೇ ಇದ್ದ.

ಉಮಾಶಂಕರ್ ಭೂಮಾಪನ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸರಪಳಿ ಎಳೆಸಿ, ಊರೂರ ನಕ್ಷೆಗಳ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಬರೆದು, ದೊಡ್ಡಬಳ್ಳಾಪುರದಲ್ಲಿ ನಿವೃತ್ತರಾದವರು. ಭೀಮರಾಜ್ ಸಾಸಲು ಕಡೆಯ ರೈತ. ರಾಗಿ, ಜೋಳ, ಒಂದಿಷ್ಟು ಗುಲಾಬಿ, ಬಿಡುವಿನಲ್ಲಿ ಪಂಪ್‌ಸೆಟ್ ಮೋಟರು ಬಿಚ್ಚಿ ತಂತಿ ಸುತ್ತುವ ಕೆಲಸ. ಹೊಲದ ಅಳತೆಯ ತಕರಾರಿನಲ್ಲಿ ಪರಿಚಯವಾದ ಇಬ್ಬರೂ ಅದು ಹೇಗೋ ಒಂದೇ ಹುಚ್ಚಿಗೆ ಬಿದ್ದರು. ಹನ್ನೆರಡು ವರ್ಷ, ಎರಡು ಬೈಕು, ಹದಿನಾಲ್ಕು ರಾಜ್ಯ. ಮುಂದೆ ಉಮಾಶಂಕರ್, ಹಿಂದೆ ಭೀಮರಾಜ್. ‘ನೀವು ಅಳತೆ ಸಾಹೇಬ್ರು, ದಾರಿ ಹಿಡೀರಿ, ನಾನು ರಿಪೇರಿಯೋನು, ಬಿದ್ದಿದ್ದನ್ನ ಎತ್ಕೊಂಡು ಬರ್ತೀನಿ’ ಎಂಬುದು ಅವನು ಮಾಡಿದ ವಿಂಗಡಣೆ.

ಲಡಾಖಿನ ದಾರಿಯಲ್ಲಿ ಯಾರನ್ನೋ ನೋಡಿ ಕಲಿತ ಒಂದು ಸಂಜ್ಞೆ ಅವರಿಬ್ಬರ ನಡುವೆ ಭಾಷೆಯೇ ಆಗಿತ್ತು. ಮುಂದಿನ ಸವಾರ ರಸ್ತೆಯಲ್ಲಿ ಗುಂಡಿಯನ್ನೋ ಕಲ್ಲನ್ನೋ ಕಂಡರೆ ಆ ಪಕ್ಕದ ಕಾಲನ್ನು ಹೊರಕ್ಕೆ ಚಾಚಬೇಕು. ಹಿಂದಿನವನು ಏನೆಂದು ಕೇಳದೆ ಅದನ್ನು ಬಳಸಿಕೊಂಡು ಬರಬೇಕು. ‘ಮುಂದಿರೋನ ಕಾಲೇ ಹಿಂದಿರೋನ ಕಣ್ಣು’ ಎಂದು ಭೀಮರಾಜ್ ಹೊಸಬರಿಗೆ ಹೇಳಿಕೊಡುತ್ತಿದ್ದ.

ಹೊಸಬರಿಗೆ ಹೇಳಿಕೊಡುವುದೆಂದರೆ ಅವನಿಗೆ ಎಲ್ಲಿಲ್ಲದ ಹಿಗ್ಗು. ‘ದೂರದ ದಾರಿ’ ಎಂಬ ಹೆಸರಿನ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಪ್ರವಾಸದ ಬೆಳಿಗ್ಗೆ ಒಂದು ಪಾಠವನ್ನು ಧ್ವನಿಯಲ್ಲಿ ಕಳಿಸುತ್ತಿದ್ದ. ಟೈರಿನ ಗಾಳಿಯನ್ನು ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ನೋಡಬೇಕು. ಚೈನಿಗೆ ಎಣ್ಣೆಯನ್ನು ಊರು ಮುಟ್ಟಿದ ಮೇಲೆ, ಚೈನು ಬೆಚ್ಚಗಿರುವಾಗ ಬಿಡಬೇಕು. ಹೊಸ ಕ್ಲಚ್ ವೈರನ್ನು ಡಬ್ಬಿಯಲ್ಲಿಡಬೇಡಿ, ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿ. ಕಾಡಿನಲ್ಲಿ ತುಂಡಾದರೆ ತುದಿ ಬದಲಿಸಿದರೆ ಸಾಕು. ಹತ್ತು ಕಿಲೋಮೀಟರು ಓಡಿಸಿ ನಿಲ್ಲಿಸಿ ಚಕ್ರದ ನಡುವಿಗೆ ಅಂಗೈ ಇಡಿ, ಮಗುವಿನ ಹಣೆ ಮುಟ್ಟಿದ ಹಾಗೆ. ಜ್ವರವಿದ್ದರೆ ಗೊತ್ತಾಗುತ್ತದೆ. ಗಾಡಿ ಮಾತಾಡುತ್ತದೆ, ನೀವು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರಿ.

ಆದರೆ ತನ್ನ ಚೈನನ್ನು ಇನ್ನೊಬ್ಬರು ಮುಟ್ಟಲು ಅವನು ಬಿಡುತ್ತಿರಲಿಲ್ಲ. ಒಂದೇ ಒಂದು ಸಲ ಬಿಟ್ಟ. ಹಾಸನದ ಕಡೆಗೆ ಹೊರಟ ಆ ಬೆಳಿಗ್ಗೆ, ಸೀಮೆಎಣ್ಣೆಯಲ್ಲಿ ತೊಳೆದ ಚೈನನ್ನು ಗಾಡಿಗೇರಿಸಿ, ಒಳಗಿನಿಂದ ಹೆಂಡತಿ ಕೂಗಿದ್ದಕ್ಕೆ ಏಳುತ್ತ, ‘ಲಾಕ್ ಒಂದು ನೀವೇ ಹಾಕ್ಬಿಡಿ ಸಾಹೇಬ್ರೇ’ ಎಂದ. ಚೈನಿನ ಎರಡು ತುದಿ ಕೂಡುವಲ್ಲಿ ಕಚ್ಚಿಸುವ ಆ ಲಾಕು ಬೆರಳ ತುದಿಯಷ್ಟು ಉದ್ದದ ಉಕ್ಕಿನ ಮೀನು: ಒಂದು ಕಡೆ ದುಂಡನೆಯ ತಲೆ, ಇನ್ನೊಂದು ಕಡೆ ಸೀಳಿದ ಬಾಲ. ತಲೆ ಮುಂದಿರಬೇಕು. ಬಾಲ ಮುಂದಾದರೆ ಏನಾದರೂ ತಗುಲಿ ಕಳಚುತ್ತದೆ, ಚೈನು ಬಿಟ್ಟುಕೊಳ್ಳುತ್ತದೆ, ಚಕ್ರ ಸಿಕ್ಕಿಬೀಳುತ್ತದೆ. ಉಮಾಶಂಕರ್ ಮಂಡಿಯೂರಿ, ‘ತಲೆ ಹೆಡ್‌ಲೈಟಿನ ಕಡೆಗೆ’ ಎಂದು ತಮಗೆ ತಾವೇ ಹೇಳಿಕೊಂಡು, ಕೈಗೆ ಸುಲಭವಾಗಿ ಸಿಗುತ್ತಿದ್ದ ಕೆಳಗಿನ ಸಾಲಿನಲ್ಲಿ ಲಾಕು ಕಚ್ಚಿಸಿದರು.

ಎರಡು ಗಂಟೆಯ ಬಳಿಕ, ನೆಲಮಂಗಲಕ್ಕೆ ತುಸು ಮೊದಲು, ಗೋದಾಮುಗಳ ಉದ್ದನೆಯ ಗೋಡೆಯ ಪಕ್ಕದಲ್ಲಿ, ಅವರು ಕನ್ನಡಿ ನೋಡಿದಾಗ ಅದರಲ್ಲಿ ದೀಪವಿರಲಿಲ್ಲ.

ಒಂದು ಸಂಗತಿ ಮಾತ್ರ ಅವರಿಗೆ ಇಂದಿಗೂ ಬಿಡಿಸಲಾಗದೆ ಉಳಿದಿತ್ತು. ಆ ಕ್ಷಣ ಹೆಲ್ಮೆಟ್ಟಿನೊಳಗೆ ತಾವು ನಗುತ್ತಿದ್ದರು. ಯಾತಕ್ಕೆ ನಗುತ್ತಿದ್ದೆನೆಂಬುದು ನೆನಪಿನಿಂದ ಒರೆಸಿಹೋಗಿತ್ತು. ನಗುವಿನ ಆಕಾರ ಮಾತ್ರ, ಗೋಡೆಯಿಂದ ಕಿತ್ತ ಪಟದ ಗುರುತಿನಂತೆ, ಮುಖದ ಮೇಲೆ ಉಳಿದಿತ್ತು.

ಚೈನು ಸಿಕ್ಕಿಕೊಂಡು ಹಿಂಚಕ್ರ ನಿಂತು ಸವಾರ ಬಿದ್ದನೆಂದು ಮಹಜರಿನಲ್ಲಿ ಬರೆದರು. ತಿಥಿ ಮುಗಿದ ಮಾರನೆಯ ದಿನ ಉಮಾಶಂಕರ್ ತಮ್ಮ ಬೈಕಿನ ಮುಂದೆ ಕುಳಿತು, ಹಿಂಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದರು. ಮೇಲಿನ ಸಾಲು ಮುಂದಕ್ಕೆ ಹರಿಯಿತು. ಕೆಳಗಿನ ಸಾಲು ಹಿಂದಕ್ಕೆ ಹರಿಯಿತು. ಕೆಳಗಿನ ಸಾಲಿನ ಮೀನು ಹೆಡ್‌ಲೈಟಿನ ಕಡೆ ಮುಖ ಮಾಡಿದ್ದರೆ ಅದು ಹೊಳೆಗೆ ಬಾಲ ಕೊಟ್ಟು ನಿಂತ ಹಾಗೆ. ಊರಿಗೆಲ್ಲ ದಿಕ್ಕು ಬರೆದುಕೊಟ್ಟವನು ಒಂದಂಗುಲದ ಉಕ್ಕಿಗೆ ದಿಕ್ಕು ತಪ್ಪಿಸಿದ್ದ. ಅಂದಿನಿಂದ ಅವರು ಆ ಮನೆಯ ಕಡೆ ಹೋಗಲಿಲ್ಲ. ಆ ದಿನ ಟೀ ಅಂಗಡಿಯ ಮುಂದೆ ನಿಂತು ಭೀಮರಾಜ್ ಗುಂಪಿಗೆ ಕಳಿಸಿದ್ದ ಧ್ವನಿಯನ್ನೂ ಕೇಳಲಿಲ್ಲ. ಫೋನು ತೆರೆದರೆ ಅದರ ಮುಂದೆ, ಇನ್ನೂ ಕೇಳಿಲ್ಲವೆಂಬ ಹಸಿರು ಗುರುತು. ಎರಡು ವರ್ಷ ಅದು ಹಾಗೇ ಹಸಿರಾಗಿತ್ತು.

ಮುನಿಗಂಗಮ್ಮನ ಫೋನು ಬಂದದ್ದು ಪಿತೃಪಕ್ಷದಲ್ಲಿ.

“ಅಣ್ಣ, ನಾನು ಭೀಮರಾಜ್ ಮನೆಯೋಳು. ನಂಬರ್ ಇಟ್ಕೊಂಡಿದ್ದೀರೋ, ಅಳಿಸಾಕ್ಬಿಟ್ರೋ?”

“ಇದೆ ಕಣಮ್ಮ.”

“ಭಾನುವಾರ ಅಮಾಸೆ. ಹಿರಿಯರಿಗೆ ಎಡೆ ಇಕ್ತೀವಿ. ಹೋದ್ ವರ್ಷ ಕರೆದ್ರೆ ಸೊಂಟ ನೋವು ಅಂದ್ರಿ. ಈ ವರ್ಷ ಯಾವ್ ನೋವು ಅಂತ ಮೊದ್ಲೇ ಹೇಳ್ಬಿಡಿ, ಅದಕ್ಕೂ ಒಂದು ಕಷಾಯ ಕಾಯ್ಸಿಡ್ತೀನಿ.”

ಉಮಾಶಂಕರ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

“ಊಟಕ್ಕೆ ಮಾತ್ರ ಕರೀತಿಲ್ಲ. ಗಾಡಿ ಕೊಟ್ಟಿಗೇಲಿ ನಿಂತಲ್ಲೇ ನಿಂತದೆ, ಚಕ್ರ ತಿರುಗಲ್ಲ. ಈ ಸಲ ಅವ್ರು ಬಂದು ಉಂಡು ಹೋಗೋ ಹೊತ್ಗೆ ಅದು ಜಗಲಿ ಮುಂದೆ ಇರ್ಬೇಕು ಅಂತ ನಂಗೆ. ಬೇರೆ ಮೆಕ್ಯಾನಿಕ್ಕು ಬೇಡ. ಅವ್ರ ಚೈನ್ ಮುಟ್ದೋರು ಅವ್ರು ಬಿಟ್ರೆ ನೀವೊಬ್ರೇ.”

ಆಕೆ ಅದನ್ನು ಅಭಿಮಾನದಿಂದಲೇ ಹೇಳಿದ್ದಳು. ಉಮಾಶಂಕರರಿಗೆ ಮಾತ್ರ ಕಂಡದ್ದು ಬೇರೆ. ಗಾಡಿ ಬಿಚ್ಚಿದರೆ ಲಾಕಿರಬೇಕಾದ ಜಾಗದಲ್ಲಿ ಲಾಕಿರುವುದಿಲ್ಲ; ಅಷ್ಟು ದಿನ ತಮ್ಮೊಳಗೇ ಕೊಳೆಯುತ್ತಿದ್ದದ್ದು ಆಕೆಯ ಕಣ್ಣೆದುರು ಹೊರಬೀಳುತ್ತದೆ. ಬರುತ್ತೇನೆಂದರು. ಬರುವುದಿಲ್ಲವೆನ್ನಲು ಉಳಿದಿದ್ದ ನೋವುಗಳೆಲ್ಲ ಮುಗಿದಿದ್ದವು.

ಭಾನುವಾರ ಬೆಳಿಗ್ಗೆ ಸಾಸಲಿನ ದಾರಿಯುದ್ದಕ್ಕೂ ದೀಪ ಹಿಂಬಾಲಿಸಿತು. ರಾಗಿ ಹೊಲಗಳಲ್ಲಿ ತೆನೆ ಕಟ್ಟುತ್ತಿತ್ತು. ಊರ ಹೊರಗಿನ ತಿರುವಿನಲ್ಲಿ, ಭೀಮರಾಜನ ಮನೆಗೆ ಇಳಿಯುವ ಮಣ್ಣುದಾರಿಯ ಬಾಯಲ್ಲಿ ಅದು ಮಾಯವಾಯಿತು. ಅವನು ತಮಗಿಂತ ಮುಂಚೆ ಮನೆಗೆ ಹೋಗಿಬಿಟ್ಟನೇನೋ ಎಂಬಂತೆ.

ಜಗಲಿಯ ಮೇಲೆ ಮುನಿಗಂಗಮ್ಮ ಕಜ್ಜಾಯದ ಹಿಟ್ಟು ನಾದುತ್ತಿದ್ದಳು. “ಬಂದ್ರಾ” ಎಂದಳು, ಅಷ್ಟೇ. ಮಗಳು ಹರ್ಷಿತ ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ಆಟ ಕಲಿಸುವವಳು. ಟ್ರ್ಯಾಕ್ ಪ್ಯಾಂಟಿನಲ್ಲೇ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು.

“ದೊಡ್ಡಪ್ಪ, ಹುಷಾರು. ಸೈಡ್ ಬ್ಯಾಗಲ್ಲಿ ಕೋಳಿ ಕೂತದೆ. ಎರಡು ಸಲ ಮರಿ ಮಾಡ್ತು ಅದ್ರಲ್ಲಿ. ಅಪ್ಪ ಟೂರ್ ಹೋಗ್ದಿದ್ರೂ ಆ ಬ್ಯಾಗು ಖಾಲಿ ಇಲ್ಲ ನೋಡಿ.”

ಕೋಳಿ ರೆಕ್ಕೆ ಬಡಿದು ಇಳಿಯಿತು. ಗೋಣಿಚೀಲ ಸರಿಸಿದಾಗ ಗಾಡಿ ಕಂಡಿತು: ಪೆಟ್ರೋಲ್ ತೊಟ್ಟಿಯ ಮೇಲೆ ಬೂದಿಯಂಥ ದೂಳು, ಹಿಂಚಕ್ರದ ಸುತ್ತ ಕಲ್ಲಾದ ಕೆಸರು, ಗ್ರೀಸು, ಹುಲ್ಲು, ಹಿಕ್ಕೆ. ಹೆಡ್‌ಲೈಟು ಎಡಕ್ಕೆ ವಾಲಿ ಗೋಡೆ ನೋಡುತ್ತಿತ್ತು. ಉಮಾಶಂಕರ್ ಅದರ ಗಾಜನ್ನು ಅಂಗೈಯಿಂದ ಮುಟ್ಟಿದರು. ಬೆಚ್ಚಗಿತ್ತು. ಮಾಡಿನ ಹೆಂಚಿನ ಸಂದಿಯಿಂದ ಬಿಸಿಲು ಬೀಳುತ್ತಿರಬೇಕು ಎಂದುಕೊಂಡು ಮೇಲೆ ನೋಡಿದರು. ಸಂದಿ ಇರಲಿಲ್ಲ.

ಅವರು ಕನ್ನಡಕ ಹಾಕಿಕೊಂಡು ಕುಳಿತರು.

ಹರ್ಷಿತ ಅಪ್ಪನ ಖಾಕಿ ಸುರುಳಿ ತಂದು ಬಿಚ್ಚಿದಳು. ಒಂದೊಂದು ಸ್ಪ್ಯಾನರಿಗೆ ಒಂದೊಂದು ಜೇಬು; ಅವನೇ ಹೊಲಿದದ್ದು. ಬಟ್ಟಲಲ್ಲಿ ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು. ಕೆಳಗಿನ ಸಾಲನ್ನು ಮುಂದಿನಿಂದ ಹಿಂದಕ್ಕೆ, ಒಂದೊಂದೇ ಕೊಂಡಿ ಉಜ್ಜುತ್ತ ಬಂದರು, ಹಿಂದೆ ಹೊಲಗಳಲ್ಲಿ ಸರಪಳಿಯ ಕೊಂಡಿ ಎಣಿಸಿದ ಹಾಗೆ. ಕೈ ಉದ್ದೇಶಪೂರ್ವಕವಾಗಿ ನಿಧಾನವಾಗಿತ್ತು. ಲಾಕಿಲ್ಲದ ಕೊಂಡಿಯನ್ನು ಆದಷ್ಟು ತಡವಾಗಿ ತಲುಪಬೇಕಿತ್ತು.

“ಇಷ್ಟು ಮೆಲ್ಲಗೆ ಉಜ್ಜಿದ್ರೆ ಮುಂದಿನ ಅಮಾಸೆಗೆ ಜಗಲಿ ಮುಟ್ತದೆ,” ಎಂದಳು ಹರ್ಷಿತ.

“ಚೈನನ್ನ ಉಜ್ಜೋದಲ್ಲ ಕಣಮ್ಮ, ಓದೋದು ಅಂತಿದ್ದ ನಿಮ್ಮಪ್ಪ.”

“ಓದಿ ಓದಿ. ಪರೀಕ್ಷೆ ಯಾವಾಗ್ಲೋ.”

ಮೂವತ್ತೊಂದನೆಯದೋ ಮೂವತ್ತೆರಡನೆಯದೋ ಕೊಂಡಿಯಲ್ಲಿ ಬ್ರಷ್ಷು ಏನನ್ನೋ ಎಡವಿತು. ಕಪ್ಪು ಕರಗಿ, ಒಳಗಿನಿಂದ ಕೆಂಪು ಮಿಂಚೊಂದು ಹೊಮ್ಮಿತು. ತಾಮ್ರ. ಮೋಟರಿಗೆ ಸುತ್ತುವ ನೂಲಿನಂಥ ತಂತಿ, ಎರಡು ಸುತ್ತು, ಕೊನೆಯಲ್ಲಿ ಒಂದು ಪುಟ್ಟ ತಿರುಚು. ಅದರ ಅಡಿಯಲ್ಲಿ ಮೀನು ಇತ್ತು. ಇದ್ದ ಜಾಗದಲ್ಲೇ ಇತ್ತು. ತಲೆ ಹಿಂದಕ್ಕೆ, ಬಾಲ ಹೆಡ್‌ಲೈಟಿನ ಕಡೆಗೆ. ಕೆಳಗಿನ ಸಾಲಿನಲ್ಲಿ ಹೇಗೆ ಇರಬೇಕೋ ಹಾಗೆ.

ಉಮಾಶಂಕರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದನ್ನ ಯಾರು ಮುಟ್ಟಿದ್ರು?”

“ಯಾರೂ ಮುಟ್ಟಿಲ್ಲ ದೊಡ್ಡಪ್ಪ. ಟೆಂಪೊದಿಂದ ಇಳ್ಸಿದ್ದು, ಎಳ್ಕೊಂಡು ಬಂದು ಇಲ್ಲಿ ನಿಲ್ಸಿದ್ದು, ಅಷ್ಟೇ.”

“ನಾನು ಹಾಕಿದ್ದು ಹಿಂಗಲ್ಲ.”

“ಗೊತ್ತು,” ಎಂದು ಹರ್ಷಿತ ನಕ್ಕಳು. “ಉಲ್ಟಾ ಹಾಕಿದ್ರಿ. ಅಪ್ಪ ಹೇಳಿದ್ರಲ್ಲ, ವಾಯ್ಸ್‌ನಲ್ಲಿ? ನೀವು ಕೇಳೇ ಇಲ್ವಾ? ನಂಗೆ ಬಾಯಿಪಾಠ ಆಗೋಗಿದೆ.”

ಅವಳು ಫೋನು ತೆಗೆದು ತೊಟ್ಟಿಯ ಮೇಲಿಟ್ಟಳು. ಕೊಟ್ಟಿಗೆಯ ಮಂಕಿನಲ್ಲಿ ಭೀಮರಾಜ್ ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ನಮಸ್ಕಾರ, ದೂರದ ದಾರಿಯೋರೇ. ಇವತ್ತಿನ ಪಾಠ ಚೈನ್ ಲಾಕು. ಮೀನಿನ್ ಥರ ಇರ್ತದಲ್ಲ, ಅದು. ತಲೆ ಹೆಡ್‌ಲೈಟ್ ಕಡೆ ಇರ್ಲಿ ಅಂತ ಎಲ್ರೂ ಹೇಳ್ತಾರೆ. ಮೇಲ್ಗಡೆ ಹಾಕಿದ್ರೆ ಸರಿ. ಕೆಳಗಡೆ ಹಾಕಿದ್ರೆ? ಕೆಳಗಡೆ ಚೈನು ಹಿಂದಕ್ಕೆ ಓಡ್ತದೆ ಸ್ವಾಮಿ! ಮೀನು ಗಾಡಿ ಮುಖ ನೋಡ್ಕೊಂಡು ಈಜಲ್ಲ, ಚೈನ್ ಹರಿಯೋ ಕಡೆ ಈಜ್ತದೆ. ಇವತ್ತು ಬೆಳಿಗ್ಗೆ ಒಬ್ರು ದೊಡ್ಡ ಮನುಷ್ಯರು, ಊರಿಗೆಲ್ಲ ಉತ್ತರ ದಿಕ್ಕು ಬರ್ಕೊಟ್ಟೋರು, ನನ್ ಮೀನನ್ನ ಉಲ್ಟಾ ಈಜಿಸ್ಬಿಟ್ಟಿದ್ರು. ಅವ್ರು ಟೀ ತರಕ್ಕೆ ಹೋದಾಗ ತಿರುಗಿಸ್ಕೊಂಡು ತಂತಿ ಕಟ್ದೆ. ಹೆಸ್ರು ಹೇಳಲ್ಲ. ಹೇಳಿದ್ರೆ ಹಾಸನದ ತನಕ ಮಾತಾಡ್ಸಲ್ಲ ನನ್ನ…”

ಹಿಂದಿನಿಂದ, ದೂರದಲ್ಲಿ, ಇನ್ನೊಂದು ದನಿ: “ಲೇ ಭೀಮಾ, ಸಕ್ಕರೆ ಎಷ್ಟು ಕಣೋ?”

“ಬಂದೆ ಬಂದೆ,” ಎಂದ ಭೀಮರಾಜ್. ಧ್ವನಿ ನಿಂತಿತು.

ಸಕ್ಕರೆ ಕೇಳಿದ ದನಿ ತಮ್ಮದೆಂದು ಉಮಾಶಂಕರರಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಎಷ್ಟು ನಿಶ್ಚಿಂತೆಯ ದನಿ. ಆ ಮನುಷ್ಯನಿಗೆ ಇನ್ನೂ ಏನೂ ಆಗಿರಲಿಲ್ಲ. ಅವರು ನಕ್ಕರು; ನಗುತ್ತಲೇ, ಸೀಮೆಎಣ್ಣೆಯ ಕೈಯಿಂದಲೇ ಕಣ್ಣೊರೆಸಿಕೊಂಡು ಇನ್ನಷ್ಟು ಉರಿ ತಂದುಕೊಂಡರು. ಎರಡು ವರ್ಷ ಹೊತ್ತು ತಿರುಗಿದ್ದು ಅವರ ಹೊರೆಯೇ ಅಲ್ಲ. ಅವನು ಅದನ್ನು ಟೀ ಅಂಗಡಿಯ ಮುಂದೆಯೇ ಇಳಿಸಿ, ತಾಮ್ರದ ತಂತಿಯಿಂದ ಕಟ್ಟಿ, ಹೊರಟಿದ್ದ.

“ಹಂಗಾದ್ರೆ ಚೈನು ಯಾಕೆ ಸಿಕ್ಕೊಳ್ತು?” ಎಂದಳು ಹರ್ಷಿತ.

ಅದು ಅವರಿಗೆ ಆ ತನಕ ಹೊಳೆದೇ ಇರಲಿಲ್ಲ.

ಹಿಂಚಕ್ರದ ನಟ್ಟು ಬಿಚ್ಚಲು ಇಬ್ಬರೂ ಸೇರಬೇಕಾಯಿತು. ಚಕ್ರ ಸಡಿಲವಾದದ್ದೇ ಉಮಾಶಂಕರ್ ಬೆರಳನ್ನು ಹಲ್ಲುಚಕ್ರದ ಹಿಂದಿನ ಸಂದಿಗೆ ತೂರಿಸಿದರು. ಒಳಗೆ ಬೇರಿನಂಥದ್ದು ಏನೋ ಗಟ್ಟಿಯಾಗಿ ಸುತ್ತಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಕೆಸರು ಕೆರೆದಂತೆ ಬಣ್ಣ ಬಂತು. ನೀಲಿ. ಹರ್ಷಿತ ತುದಿ ಹಿಡಿದು ಎಳೆದಳು; ಬಿಚ್ಚಿದಷ್ಟೂ ಬಂತು; ಕೊನೆಗೆ ಚೈನು ತಾನಾಗಿಯೇ ನಿಟ್ಟುಸಿರಿಟ್ಟು ಹಲ್ಲಿನ ಮೇಲೆ ಕುಳಿತಿತು.

“ನೈಲಾನ್ ಹಗ್ಗ ದೊಡ್ಡಪ್ಪ. ಲಾರಿ ಟಾರ್ಪಾಲಿಗೆ ಕಟ್ತಾರಲ್ಲ, ಅದು. ಬಿಚ್ಚೋಗಿ ರೋಡಲ್ಲಿ ಬಿದ್ದಿರ್ಬೇಕು.” ಅವಳು ಅದನ್ನು ಅಂಗೈ ಮೇಲೆ ತೂಗಿದಳು. “ಪಾಪ, ಅಪ್ಪಂಗೆ ಕಾಣ್ಲಿಲ್ಲ ಅನ್ಸತ್ತೆ.”

ಆಗ ಉಮಾಶಂಕರರಿಗೆ ತಾವು ಏಕೆ ನಗುತ್ತಿದ್ದೆವೆಂಬುದು ನೆನಪಾಯಿತು.

ಗೋದಾಮಿನ ಗೋಡೆ. ಬೆಳಗಿನ ಓರೆ ಬಿಸಿಲು. ರಸ್ತೆಯ ಮೇಲೆ, ಎಡಕ್ಕೆ, ಸುರುಳಿ ಬಿಚ್ಚಿ ಮಲಗಿದ್ದ ಒಂದು ಹಾವು. ಅವರ ಎರಡೂ ಕಾಲು ತಾವಾಗಿಯೇ ಮೇಲಕ್ಕೆದ್ದು ತೊಟ್ಟಿಗೆ ಅವುಚಿಕೊಂಡವು. ಗಾಡಿ ಅದರ ಪಕ್ಕದಿಂದ ಹಾದುಹೋಗುವಾಗ ಕಂಡಿತು: ಹಾವಲ್ಲ, ಹಗ್ಗ. ನೀಲಿ ಹಗ್ಗ. ಅರವತ್ತರ ಹತ್ತಿರದ ಮನುಷ್ಯ, ಹದಿನಾಲ್ಕು ರಾಜ್ಯ ಸುತ್ತಿದವನು, ಹಗ್ಗ ಕಂಡು ಮಗುವಿನಂತೆ ಕಾಲೆತ್ತಿಕೊಂಡ! ಮುಂದಿನ ಟೀಗೆ ನಿಂತಾಗ ಭೀಮನಿಗೆ ಹೇಳಿ ನಗಿಸಬೇಕು ಎಂದುಕೊಂಡರು. ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತ, ನಗುತ್ತ, ಕನ್ನಡಿ ನೋಡಿದ್ದರು.

ಹಗ್ಗವನ್ನು ಹಾವೆಂದು ಬೆದರುವ ಹಳೆಯ ದೃಷ್ಟಾಂತದಲ್ಲಿ, ಹಗ್ಗವೆಂದು ತಿಳಿದೊಡನೆ ಭಯ ಅಳಿಯುತ್ತದೆ. ಅವರಿಗೂ ಅಳಿದಿತ್ತು. ಭಯ ಅಳಿದು ನಗು ಬಂದ ಆ ಎರಡು ಕ್ಷಣಗಳಲ್ಲಿಯೇ ಹಗ್ಗ ಹಿಂದೆ ಬಂದವನನ್ನು ಕಚ್ಚಿತ್ತು. ಚಾಚಬೇಕಿದ್ದ ಕಾಲು ತೊಟ್ಟಿಯ ಮೇಲೆ ಇತ್ತು. ಮುಂದಿನವನ ಕಾಲನ್ನೇ ಕಣ್ಣೆಂದು ನಂಬಿದವನು, ಕಾಲು ಚಾಚಲಿಲ್ಲವೆಂದರೆ ರಸ್ತೆ ಚೆನ್ನಾಗಿದೆಯೆಂದೇ ಬಂದಿದ್ದ.

ಹರ್ಷಿತ ತಂತಿ ಬಿಚ್ಚಿ ಹಳೆಯ ಲಾಕು ತೆಗೆದು, ಹೊಸದನ್ನು ಹುಡುಕಲು ಸುರುಳಿಯ ಜೇಬುಗಳನ್ನು ತಡಕುತ್ತಿದ್ದಳು. ಹಗ್ಗ ನೆಲದ ಮೇಲಿತ್ತು. ಅದರ ಬಗ್ಗೆ ಮಾತಾಡಬಲ್ಲ ಸಾಕ್ಷಿ ಲೋಕದಲ್ಲಿ ಒಬ್ಬನೇ, ಅವನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಮುಗಿದಂತೆಯೇ. ಲಾಕು ಸರಿಯಿತ್ತು, ಹಗ್ಗ ಯಾರದೋ ಲಾರಿಯದು, ಹಣೆಬರಹ. ಆಕೆ ಕಜ್ಜಾಯ ಬಡಿಸುತ್ತಾಳೆ, ಅಣ್ಣ ಎನ್ನುತ್ತಾಳೆ. ಉಮಾಶಂಕರ್ ಚಕ್ರವನ್ನು ಏರಿಸಿದರು, ಚೈನಿನ ಸಡಿಲವನ್ನು ಎರಡು ಬೆರಳಿಟ್ಟು ನೋಡಿದರು, ಹೊಸ ಲಾಕನ್ನು ಈ ಸಲ ಮೇಲಿನ ಸಾಲಿನಲ್ಲಿ, ತಲೆ ಮುಂದಾಗಿ ಕಚ್ಚಿಸಿದರು. ಚಕ್ರ ತಿರುಗಿತು. ಇಬ್ಬರೂ ತಳ್ಳಿ ಗಾಡಿಯನ್ನು ಜಗಲಿಯ ಮುಂದೆ ತಂದು ನಿಲ್ಲಿಸಿದರು.

ಮುನಿಗಂಗಮ್ಮ ಕೈಯೊರೆಸಿಕೊಂಡು ಬಂದಳು. ಸೀಟಿನ ಮೇಲೆ ಅಂಗೈಯಾಡಿಸಿದಳು.

“ಏನಾಗಿತ್ತಂತೆ ಅದಕ್ಕೆ?”

ಹರ್ಷಿತ ಹಗ್ಗ ತೋರಿಸಿದಳು. “ಇದು ಸುತ್ಕೊಂಡಿತ್ತಮ್ಮ. ಅಪ್ಪ ನೋಡಿಲ್ಲ.”

“ನಾನು ನೋಡಿದ್ದೆ,” ಎಂದರು ಉಮಾಶಂಕರ್.

ಇಬ್ಬರೂ ಅವರ ಕಡೆ ತಿರುಗಿದರು.

“ಮುಂದೆ ನಾನಿದ್ದೆ. ಹಾವು ಅಂತ ಹೆದ್ರಿ ಎರಡೂ ಕಾಲು ಎತ್ಕೊಂಡ್ಬಿಟ್ಟೆ. ಆಮೇಲೆ ಹಗ್ಗ ಅಂತ ಗೊತ್ತಾಯ್ತು. ಗೊತ್ತಾದ್ಮೇಲಾದ್ರೂ ಕಾಲು ಚಾಚ್ಬಹುದಿತ್ತು. ನಗ್ತಾ ಇದ್ದೆ ಕಣಮ್ಮ.”

ಹರ್ಷಿತಳ ಮುಖದಿಂದ ಏನೋ ಇಳಿದುಹೋಯಿತು. ಅವಳು ಗಾಡಿಯ ಆಚೆ ಬದಿಗೆ ಹೋಗಿ ನಿಂತಳು. ಮುನಿಗಂಗಮ್ಮ ಹಗ್ಗವನ್ನು ತೆಗೆದುಕೊಂಡು, ಹಸುವಿನ ಕಣ್ಣಿ ಸುತ್ತುವಂತೆ, ಮೊಣಕೈಗೂ ಹೆಬ್ಬೆರಳಿಗೂ ನಡುವೆ ಸುತ್ತತೊಡಗಿದಳು. ಸುತ್ತಿ ಮುಗಿಸಿ ತುದಿಯನ್ನು ಗಂಟು ಹಾಕಿದಳು.

“ಹೆದ್ರಿಕೊಂಡು ಎತ್ಕೊಂಡ್ರಾ?”

“ಹೂಂ.”

“ಇದನ್ನ ನನ್ಹತ್ರ ಹೇಳಿದ್ರೆ ನಾನೇನ್ ಮಾಡ್ಲಿ ಅಣ್ಣ? ನಿಮ್ ಹಿಂದೆ ಬರ್ತಿದ್ದೋಳು ನಾನಲ್ಲ. ಬರ್ತಿದ್ದೋರಿಗೆ ಹೇಳಿ. ಇವತ್ತು ಬರ್ತಾರೆ.” ಹಗ್ಗದ ಸುರುಳಿಯನ್ನು ಅವರ ಕೈಗಿಟ್ಟಳು. “ಇದು ಈ ಮನೇಲಿ ಬೇಡ. ನೀವು ತಗೊಂಡೋಗಿ.”

ಮಧ್ಯಾಹ್ನ ಎಡೆ ಸಿದ್ಧವಾಯಿತು. ನಡುಮನೆಯ ಗೋಡೆಗೆ ಭೀಮರಾಜನ ಪಟ, ಅದರ ಮುಂದೆ ಹೊಸ ಪಂಚೆ, ಬಾಳೆಯೆಲೆಯ ಮೇಲೆ ಮುದ್ದೆ, ಕೋಳಿ ಸಾರು, ಕಜ್ಜಾಯ, ವಡೆ, ಅವನು ಸೇದುತ್ತಿದ್ದ ಬೀಡಿಯ ಕಟ್ಟು, ಒಂದು ಲೋಟ ಟೀ. ಹರ್ಷಿತ ತಾಮ್ರದ ತಂತಿ ಬಿಚ್ಚಿ ತೆಗೆದ ಹಳೆಯ ಲಾಕನ್ನು ಎಲೆಯ ತುದಿಯಲ್ಲಿ ಇಡಹೋದವಳು ತಡೆದಳು.

“ತಲೆ ಯಾವ ಕಡೆ ಇಡ್ಲಿ?” ಎಂದು ಕೇಳಿದಳು, ಅವರ ಮುಖ ನೋಡದೆ.

“ಅದು ಹರಿಯೋ ಕಡೆ.”

“ಇಲ್ಲಿ ಯಾವ ಕಡೆ ಹರೀತದೆ?”

ಸತ್ತವರು ಬರುತ್ತಾರೋ ಹೋಗುತ್ತಾರೋ, ಬಾಗಿಲಿನಿಂದ ಎಲೆಗೋ ಎಲೆಯಿಂದ ಬಾಗಿಲಿಗೋ, ಯಾವ ನಕ್ಷೆಯ ಮೂಲೆಯಲ್ಲೂ ಆ ಬಾಣ ಬರೆದದ್ದನ್ನು ಉಮಾಶಂಕರ್ ನೋಡಿರಲಿಲ್ಲ. ಅವಳು ಕಾದು, ಕೊನೆಗೆ ತನಗೆ ತೋಚಿದಂತೆ ಇಟ್ಟಳು.

ಸಾಂಬ್ರಾಣಿ ಹೊಗೆ ತುಂಬಿಸಿ ಎಲ್ಲರೂ ಹೊರಬಂದು ಬಾಗಿಲು ಮುಚ್ಚಿದರು. ಹಿರಿಯರು ಉಣ್ಣುವಾಗ ಬದುಕಿರುವವರು ಒಳಗಿರಬಾರದು. ಮನೆಯ ಹಿರಿಯ ಗಂಡಸು ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ, ಬಾಗಿಲು ತಟ್ಟಿ, ತೆರೆಯಬೇಕು. ಮುನಿಗಂಗಮ್ಮ ಗಲ್ಲವೆತ್ತಿ ಉಮಾಶಂಕರರಿಗೆ ಸನ್ನೆ ಮಾಡಿ, ಮಗಳನ್ನು ಕರೆದುಕೊಂಡು ಅಂಗಳಕ್ಕಿಳಿದಳು.

ಅವರು ಬಾಗಿಲಿಗೆ ಹಣೆ ತಾಗಿಸಿ ನಿಂತರು. ಹಲಗೆಯಲ್ಲಿ ಎಣ್ಣೆಯ, ಹೊಗೆಯ, ಎಷ್ಟೋ ವರ್ಷದ ಕೈಗಳ ವಾಸನೆ.

“ಭೀಮಾ,” ಎಂದರು. “ಒಂದು ತಮಾಷೆ ಇತ್ತು ಕಣೋ. ಮುಂದಿನ ಟೀಗೆ ಅಂತ ಇಟ್ಕೊಂಡಿದ್ದೆ.”

ಒಳಗೆ ಸದ್ದಿಲ್ಲ. ಅವನು ಹೀಗೇ ಕೇಳುತ್ತಿದ್ದ, ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನಗಲು ಮುಂಚೆಯೇ ಸಿದ್ಧನಾಗಿ.

“ಗೋದಾಮಿನ ಗೋಡೆ ಹತ್ರ ಹಾವು ಬಿದ್ದಿತ್ತು. ನಾನು ಅಂಥ ದೊಡ್ಡ ಸವಾರ, ಎರಡೂ ಕಾಲು ಎತ್ಕೊಂಡೆ. ನೋಡಿದ್ರೆ ಹಗ್ಗ. ನೀಲಿ ಹಗ್ಗ, ಭೀಮಾ. ಲಾರೀದು.” ಹಣೆಯನ್ನು ಹಲಗೆಗೆ ಇನ್ನಷ್ಟು ಒತ್ತಿದರು. “ಕಾಲು ಚಾಚ್ಲಿಲ್ಲ ನಾನು. ನೀನು ನನ್ನ ಮೀನನ್ನ ತಿರುಗಿಸಿ ಯಾರ್ಗೂ ಹೆಸ್ರು ಹೇಳ್ಲಿಲ್ಲ. ನಾನು ಹೇಳ್ತಿದ್ದೀನಿ. ಕಾಲು ಚಾಚದೋನು ಉಮಾಶಂಕರ್.”

ಅಂಗಳದಲ್ಲಿ ಮುನಿಗಂಗಮ್ಮ ಸೆರಗು ಕೊಡವಿದ ಸದ್ದಾಯಿತು. ಅವರು ಕೆಮ್ಮಿದರು, ಮೂರು ಸಲ ತಟ್ಟಿದರು, ತೆರೆದರು. ಹೊಗೆ ಮೆಲ್ಲಗೆ ಹೊರಗೆ ಬಂದು ಅವರನ್ನು ಬಳಸಿಕೊಂಡು ಜಗಲಿಗೆ ಹೋಯಿತು. ಎಲೆಯ ಮೇಲೆ ಎಲ್ಲವೂ ಇಟ್ಟ ಹಾಗೆಯೇ ಇತ್ತು. ಟೀಯ ಮೇಲೆ ಕೆನೆ ಕಟ್ಟಿತ್ತು.

ಊಟ ಬಡಿಸಿದರು. ಅವರು ಉಂಡರು. ಹರ್ಷಿತ ಎರಡನೆಯ ಸಲ ಸಾರು ಹಾಕುವಾಗ “ಸಾಕಾ?” ಎಂದಳು, ದೊಡ್ಡಪ್ಪ ಎನ್ನಲಿಲ್ಲ. ಹೊರಡುವಾಗ ಮುನಿಗಂಗಮ್ಮ ಒಂದು ಡಬ್ಬಿಯಲ್ಲಿ ಕಜ್ಜಾಯ ಹಾಕಿ ಕೊಟ್ಟಳು. ಮತ್ತೆ ಬನ್ನಿ ಎಂದೂ ಹೇಳಲಿಲ್ಲ, ಬರಬೇಡಿ ಎಂದೂ ಹೇಳಲಿಲ್ಲ. “ಡಬ್ಬಿ ವಾಪಸ್ ಬೇಕು” ಎಂದಳು.

ಮಣ್ಣುದಾರಿ ಹತ್ತಿ ಟಾರಿಗೆ ಬಂದಾಗ ಇನ್ನೂ ಬಿಸಿಲಿತ್ತು. ನೀಲಿ ಹಗ್ಗ ಬ್ಯಾಗಿನಲ್ಲಿ ಕಜ್ಜಾಯದ ಡಬ್ಬಿಗೆ ತಾಗಿಕೊಂಡಿತ್ತು. ಕನ್ನಡಿಯಲ್ಲಿ ಏನೂ ಇರಲಿಲ್ಲ. ಒಂದು ಮೈಲಿ ಹೋದರು, ಎರಡು ಮೈಲಿ ಹೋದರು. ಏನೂ ಇರಲಿಲ್ಲ. ಎರಡು ವರ್ಷ ಬೇಡವೆಂದು ಬೇಡಿಕೊಂಡದ್ದು ನಿಜವಾಗಿಯೂ ಇಲ್ಲವಾದಾಗ, ಬೆನ್ನಿನ ಹಿಂದೆ ಲೋಕವೇ ಮುಗಿದುಹೋದಂತೆ ತಣ್ಣಗಾಯಿತು.

ಕೆರೆ ಏರಿಯ ಮೇಲೆ, ಎಡಕ್ಕೆ, ಟಾರು ಕಿತ್ತುಹೋದ ದೊಡ್ಡ ಗುಂಡಿ. ಉಮಾಶಂಕರ್ ವೇಗ ತಗ್ಗಿಸಿದರು. ಹಿಂದೆ ಯಾರೂ ಇಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ಎಡಗಾಲನ್ನು ಹೊರಕ್ಕೆ ಚಾಚಿದರು, ಉದ್ದಕ್ಕೆ, ಗುಂಡಿ ದಾಟಿ ಹೋಗುವವರೆಗೂ ಹಿಡಿದರು.

ಕನ್ನಡಿ ನೋಡಿದರು.

ಏರಿಯ ಆ ತುದಿಯಲ್ಲಿ ಒಂಟಿ ದೀಪವೊಂದು, ತುಸು ಹಳದಿ, ಗುಂಡಿಯ ಹತ್ತಿರಕ್ಕೆ ಬಂದು, ಬಲಕ್ಕೆ ವಾಲಿ, ಅದನ್ನು ಬಳಸಿಕೊಂಡು ಮತ್ತೆ ಸಾಲಿಗೆ ಸೇರಿತು.